ತವರಿಗೆ ಬಂದ ನಾರಂಗಿ

ಸಮುದ್ರದ ನೀರಿಗೆ ಇನ್ನೂ ಉಪ್ಪು ಸೇರದಿದ್ದ ಕಾಲದಲ್ಲಿ ಕೆಂಡಗಿರಿ ಎಂಬ ರಾಜ್ಯವಿತ್ತು. ನಾವೀಗ ಕಿತ್ತಳೆ ಅನ್ನುವ ಹಣ್ಣಿಗೆ ಅಲ್ಲಿ ನಾರಂಗಿ ಎಂದು ಹೆಸರು. ಹಣ್ಣಿನ ಹೆಸರೇ ಬಣ್ಣಕ್ಕೂ. ಒಲೆಯ ಬೆಂಕಿ ನಾರಂಗಿ, ಸಂಜೆಯ ಮೋಡವೂ ನಾರಂಗಿ.

ಒಂದು ಬೆಳಿಗ್ಗೆ ಹಣ್ಣು ಕೀಳುವ ಮಾಚಲೆ ಎಂಬ ಹುಡುಗಿ ಮರದ ಕೆಳಗೆ ನಿಂತು ಆ ಹೆಸರು ಹೇಳಲು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಒಂದು ಹಿಡಿ ಬೂದಿ ಉದುರಿತು. ನೋಡನೋಡುತ್ತಿದ್ದಂತೆ ಮರದ ಹಣ್ಣೆಲ್ಲ ಬೂದುಬಣ್ಣಕ್ಕೆ ತಿರುಗಿತು. ಬೆಚ್ಚಿಬಿದ್ದು ಮನೆಗೆ ಓಡಿದಳು. ಒಲೆಯಲ್ಲೂ ಬೂದು ಬೆಂಕಿ. ಕೈಯಿಟ್ಟರೆ ಬಾವಿಯ ನೀರಿನಷ್ಟು ತಣ್ಣಗೆ!

ಅಕ್ಕ ಕಾಳಲೆ ಮೂರು ದಿನದ ಕೂಸನ್ನು ಎದೆಗವುಚಿಕೊಂಡು ಕೂತಿದ್ದಳು. ಕೂಸಿನ ತುಟಿ ನೀಲಿಗಟ್ಟಿತ್ತು.

“ಬೆಂಕಿ ಸತ್ತುಹೋಯ್ತು ಕಣೇ ಮಾಚಿ! ಸಂಜೆವರೆಗೆ ಈ ಜೀವ ಉಳಿಯಲ್ಲ.”

ಅರಮನೆಯಲ್ಲೂ ದಿಗಿಲು. ಧೂಮಕಂಠನೆಂಬ ಮಂತ್ರವಾದಿ ನಾರಂಗಿ ಎಂಬ ಮಾತನ್ನೇ ಕದ್ದು, ಕಲ್ಲಿನ ಭರಣಿಯಲ್ಲಿಟ್ಟು, ಬೀಗ ಜಡಿದು ಗುಹೆಯಲ್ಲಿ ಕೂತಿದ್ದ. ಸಿಂಹಾಸನ ಕೊಟ್ಟರೆ ಮಾತು ಬಿಡುತ್ತಾನಂತೆ. ಪಂಡಿತರು “ಕೆಂಪು-ಹಳದಿ ಅನ್ನೋಣ” ಎಂದರು. ಬೆಂಕಿ ಕಿವಿಗೊಡಲಿಲ್ಲ. “ಕೇಸರಿ ಅನ್ನೋಣ” ಎಂದರು. ಬೆಂಕಿ ಆಕಳಿಸಿತು. ಪಂಡಿತರು ಊಟಕ್ಕೆದ್ದರು. ತಂಗಳೂಟ, ಮತ್ತೇನು?

ಮಾಚಲೆಯ ಅಜ್ಜಿ ಮಾತ್ರ ನಕ್ಕಳು. “ತಾಯಿನ ಬಚ್ಚಿಟ್ಟು ಹೆಣ್ಣುಮಕ್ಕಳನ್ನ ಮರೆತಿದಾನೆ, ಮಂಕ. ಈ ಮಾತಿನ ಮೂವರು ಹೆಣ್ಣುಮಕ್ಕಳು ಹಣ್ಣಿನ ವ್ಯಾಪಾರಿಗಳ ಜೊತೆ ಹೋಗಿ ಪಡುವಣದ ಬೇರೆ ಬೇರೆ ನುಡಿಗಳಲ್ಲಿ ಬಾಳ್ತಿದಾರೆ. ತವರಿಗೆ ಕರ್ಕೊಂಡು ಬಾ. ಮಗಳು ಬಂದು ಬಾಗಿಲು ಬಡಿದರೆ ಕೆಂಡಗಿರೀಲಿ ಯಾವ ಬೀಗವೂ ನಿಲ್ಲಲ್ಲ.”

ಮಾಚಲೆ ಅರಮನೆಗೆ ಓಡಿ, ರಾಜನನ್ನು ಕೇಳಿ, ಗಾಳಿಯಂತೆ ಹಾರುವ ಅವನ ಗಾಳಿಕುದುರೆ ಹತ್ತಿದಳು.

ಪಾರಸಿಯ ನಾಡಿನಲ್ಲಿ ಗುಲಾಬಿ ಮೈಯ ಸಿಂಹ ಅಡ್ಡ ನಿಂತಿತು.

“ಮಗಳನ್ನ ಕರೆಯೋಕೆ ಬಂದೆ.”

“ಬರಿಗೈಲಿ ಬಂದೆಯಾ? ಬಳೆ ಕೊಡು.”

ಕೊಟ್ಟಳು. ಸಿಂಹ ಒಂದು ಬೀಜ ಉಗುಳಿತು. “ನಾರಂಗ್” ಎಂದಿತು ಬೀಜ. ಮಡಿಲಿಗೆ ಕಟ್ಟಿಕೊಂಡಳು.

ಅರಬರ ಮರಳುಗಾಡಿನಲ್ಲಿ ರೆಕ್ಕೆಯ ಒಂಟೆ ಅಡ್ಡ ನಿಂತಿತು.

“ಮಗಳನ್ನ ಕರೆಯೋಕೆ ಬಂದೆ.”

“ಬರಿಗೈಲಿ ಬಂದೆಯಾ? ಜಡೆ ಕೊಡು.”

ಕೊಯ್ದು ಕೊಟ್ಟಳು. “ನಾರಂಜ್” ಎಂದಿತು ಬೀಜ.

ಹಿಮದ ನಾಡಿನಲ್ಲಿ ಎರಡು ತಲೆಯ ಹಂಸ ಅಡ್ಡ ನಿಂತಿತು.

“ಮಗಳನ್ನ ಕರೆಯೋಕೆ ಬಂದೆ.”

“ಬರಿಗೈಲಿ ಬಂದೆಯಾ? ನಿನ್ನ ಹೆಸರು ಕೊಡು.”

ಮಾಚಲೆ ಹಿಂದೆ ಸರಿದಳು. ಹೆಸರೇ ಹೋದರೆ ಅಕ್ಕ ಹೇಗೆ ಗುರುತು ಹಿಡಿಯುತ್ತಾಳೆ? ಕೂಸಿನ ನೀಲಿ ತುಟಿ ಕಣ್ಣಮುಂದೆ ಬಂತು.

“ತಗೋ,” ಎಂದಳು ಹುಡುಗಿ.

“ಒರಾಂಜ್” ಎಂದಿತು ಬೀಜ.

“ಅಯ್ಯೋ, ಇದು ನಮ್ಮನೆ ಮಗಳಾ?” ಮುಖವೇ ಬದಲಾಗಿದೆ! ಹುಡುಗಿ ಮೂಸಿ ನೋಡಿದಳು. ಆಗಷ್ಟೇ ಸುಲಿದ ಸಿಪ್ಪೆಯ ಘಮ. “ನಮ್ಮನೆಯದೇ.”

ಗುಹೆ ತಲುಪುವಾಗ ಹೊತ್ತು ಇಳಿಯುತ್ತಿತ್ತು.

“ಯಾರೇ ನೀನು?” ಗದರಿದ ಧೂಮಕಂಠ.

“ನಾನ್ಯಾರೋ ಗೊತ್ತಿಲ್ಲ. ಇವರು ಈ ಮನೆ ಹೆಣ್ಣುಮಕ್ಕಳು.”

ಮಡಿಲು ಬಿಚ್ಚಿದಳು. ಮೂರು ಬೀಜಗಳು ಉರುಳಿ ಭರಣಿಯನ್ನು ಬಡಿದವು. “ಅವ್ವಾ, ಬಾಗಿಲು ತೆಗಿಯೇ!”

ಬೀಗ ಕಳಚಿ ಬಿತ್ತು. ಭರಣಿ ಸೀಳಿತು. ಮಾತು ಭುಗಿಲೆಂದು ಹೊರಗೆ ಹಾರಿತು. ಧೂಮಕಂಠ ಮಂತ್ರ ಹೇಳಲು ಬಾಯಿ ತೆರೆದ. ಬೂದಿ ಉದುರಿತು. ಉದುರುತ್ತಲೇ ಇತ್ತು, ಅವನು ಮುಗಿಯುವವರೆಗೆ.

ಮನೆಯಲ್ಲಿ ಒಲೆ ನಾರಂಗಿಯಾಗಿ ಉರಿಯುತ್ತಿತ್ತು. ಕೂಸು ಊರು ಕೇಳುವಂತೆ ಅಳುತ್ತಿತ್ತು. ಬಾಗಿಲಲ್ಲಿ ನಿಂತವಳನ್ನು ಕಾಳಲೆ ದಿಟ್ಟಿಸಿದಳು.

“ಯಾರಮ್ಮಾ ನೀನು?”

ಬೋಳು ಕೈ, ಜಡೆಯಿಲ್ಲದ ತಲೆ, ಹೇಳಲು ಹೆಸರಿಲ್ಲ. ಹುಡುಗಿ ಕೈ ಚಾಚಿದಳು. ಕಾಳಲೆ ಆ ಕೈಯನ್ನು ಮೂಗಿನ ಹತ್ತಿರ ತಂದಳು. ಸಿಪ್ಪೆಯ ಘಮ.

“ಹೆಸರು ನಾಲಿಗೆಗೆ ಬರ್ತಿಲ್ಲ ಕಣೇ. ತಂಗಿ ಅನ್ನೋಕೆ ಹೆಸರ್ಯಾಕೆ? ಬಾ, ಬೆಂಕಿ ಹತ್ರ ಕೂತ್ಕೋ.”

ಊರವರು ಅವಳನ್ನು ನಾರಂಗಿ ಎಂದೇ ಕರೆದರು. ಮೂವರು ಹೆಣ್ಣುಮಕ್ಕಳ ಮಡಿಲು ತುಂಬಿ ಗಂಡನ ಮನೆಗೆ ಕಳಿಸಿದರು. ಪಂಡಿತರು ಬಿಸಿಯೂಟ ಮಾಡಿದರು. ಹಿಮದ ನಾಡಿನ ಹಂಸ ಇವತ್ತಿಗೂ ತನ್ನ ಹೆಸರು ಮಾಚಲೆ ಎಂದು ಜಂಬ ಕೊಚ್ಚುತ್ತದಂತೆ. ಕೆಂಡಗಿರಿಯವರಿಗೆ ಅದರ ಗೊಡವೆಯಿಲ್ಲ. ಅವರು ಬೆಚ್ಚಗೆ ಬಾಳಿದರು.