ಹಗೇವಿನ ಬಾಯಿಯ ಕೈಗುರುತು

೧೯೬೫ನೇ ಇಸವಿ ಮೇ ೧೩, ಗುರುವಾರ. ಬೆಳಗಿನ ಒಂಬತ್ತೂ ಹತ್ತಕ್ಕೆ ಹತ್ತಿಮತ್ತೂರಿನ ಚಂದ್ರಪ್ಪಗೌಡ ಸವಣೂರು ಠಾಣೆಯ ಮೆಟ್ಟಿಲು ಹತ್ತಿದ. ಹೆಗಲ ಮೇಲೆ ಜರಿ ಶಲ್ಯ. ಹಿಂದಿನ ವರ್ಷ ಹೆಚ್ಚು ಜೋಳ ಬೆಳೆದನೆಂದು ತಾಲೂಕಿನವರು ಹೊದಿಸಿದ್ದ ಶಲ್ಯ ಅದು. ಅದಿಲ್ಲದೆ ಅವನು ಯಾವ ಕಚೇರಿಗೂ ಕಾಲಿಡುತ್ತಿರಲಿಲ್ಲ.

"ಕಳವು ಆಗೇತ್ರಿ ಫೌಜದಾರ್ರ. ನಮ್ಮ ಹಗೇವು ತಗದಾರ."

ಫೌಜದಾರ ಉಳಿವೆಪ್ಪ ಪೆನ್ನಿನ ಮುಚ್ಚಳ ತೆಗೆದ. "ಏನ್ ಹೋಗೇತಿ?"

"ಜ್ವಾಳ."

"ಎಷ್ಟು ಚೀಲ?"

ಗೌಡ ಕೆಮ್ಮಿದ. "ಒಂದು ಐದು ಸೇರು ಇದ್ದೀತು."

ಬಾಗಿಲಲ್ಲಿ ನಿಂತಿದ್ದ ಪೇದೆ ಖಲಂದರ ಮೀಸೆಯೊಳಗೇ ನಕ್ಕ. "ಗೌಡ್ರ, ಇಲಿ ಮ್ಯಾಲೆ ಫಿರ್ಯಾದಿ ತಗೊಳ್ಳಾಕ ಬರಂಗಿಲ್ರಿ."

"ಇಲಿ ಕಲ್ಲು ಸರಿಸಿ, ಜ್ವಾಳ ತುಂಬ್ಕೊಂಡು, ತಿರುಗಿ ಬಾಯಿಗೆ ಮಣ್ಣು ಮೆತ್ತಿ ಹೋಗತೈತೇನೋ? ಇವತ್ತ ಐದು ಸೇರು, ನಾಳೆ ಹಗೇವನ ಬರಿದು ಮಾಡ್ತಾರ. ಬರಕೊಳ್ರಿ."

ಒಂಬತ್ತೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಕಲಂ ೩೭೯, ಕಳವು.

ಹನ್ನೊಂದೂವರೆಗೆ ಗೌಡನ ಹಿತ್ತಲಿನಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಜೋಳ ತುಂಬಿಡಲು ನೆಲದೊಳಗೆ ಆಳೆತ್ತರ ತೋಡಿದ ಎರಡು ಹಗೇವು. ಬಾಯಿಗೆ ಹಾಸುಗಲ್ಲು, ಮೇಲೆ ಹುಲ್ಲು, ಅದರ ಮೇಲೆ ಮಣ್ಣಿನ ಮೆತ್ತಿಗೆ. ಒಂದರ ಮೆತ್ತಿಗೆ ಬಣ್ಣ ಬೇರೆ ಕಂಡದ್ದಕ್ಕೆ ಗೌಡ ಬೆಳಿಗ್ಗೆ ಅದನ್ನು ಎಬ್ಬಿಸಿ ನೋಡಿದ್ದ. ಕೈಗೆಟುಕುವಷ್ಟು ಉಳಿದಿದ್ದ ಜೋಳದಲ್ಲಿ ಒಂದು ಕುಳಿ ಬಿದ್ದಿತ್ತು.

"ಹಿತ್ತಲದಾಗ ಯಾರೂ ಇಲ್ಲದ್ದು ಯಾವಾಗ?"

"ಮಂಗಳವಾರ ಮಧ್ಯಾಹ್ನರಿ. ನನ್ನ ಹೊಲದಾಗ ಸರಕಾರಿ ಗೊಬ್ಬರದ ಸಭಾ ಇತ್ತು. ಇಡೀ ಊರು ಅಲ್ಲೇ ಇತ್ತು."

"ಇದು ಯಾವ ವರ್ಷದ ಜ್ವಾಳ?"

"ಅರವತ್ತರ ಸುಗ್ಗೀದು. ಹೊಲದಾಗ ಗೊಬ್ಬರಕ್ಕ ಕುರಿ ನಿಲ್ಲಿಸಿ ಬೆಳದದ್ದು."

"ಆಚೀದು?"

"ಅದು ಸರಕಾರಿ ಗೊಬ್ಬರದ್ದು. ಆಳುಗಳ ಕೂಲಿಗೆ ಇಟ್ಟದ್ದು. ಅದನ್ನ ಮುಟ್ಟಿಲ್ಲ ನೋಡ್ರಿ."

"ನೀವು ಮನ್ಯಾಗ ಯಾವುದು ಉಣ್ತೀರಿ?"

ಗೌಡ ಶಲ್ಯ ಸರಿಪಡಿಸಿಕೊಂಡ. "ಹಳೇದು ಹೊಟ್ಟಿಗೆ ಹಗೂರ ಆಕ್ಕೈತ್ರಿ."

ಎರಡು ದಿನದ ಹಿಂದೆ ಇದೇ ಬಾಯಿ ಊರಿನ ಎದುರು ನಿಂತು ತಾಸುಗಟ್ಟಲೆ ಆ ಬಿಳಿ ಗೊಬ್ಬರದ ಗುಣಗಾನ ಮಾಡಿತ್ತು. ಊರಿಗೆ ಉಣ್ಣಲು ಒಂದು, ತನ್ನ ಗಂಗಾಳಕ್ಕೆ ಇನ್ನೊಂದು. ಉಳಿವೆಪ್ಪನಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಆದರೆ ಪಂಚನಾಮೆಯಲ್ಲಿ ಸಿಟ್ಟು ಬರೆಯಲು ಬರುವುದಿಲ್ಲ. ಕುಕ್ಕರಗಾಲಲ್ಲಿ ಕುಳಿತು ಒಡೆದ ಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ತಿರುವಿದ.

ಒಂದರ ಮೇಲೆ ಅಂಗೈ ಮೂಡಿತ್ತು. ಸಣ್ಣ ಅಂಗೈ. ಹಸಿ ಮಣ್ಣು ಕೈಯ ಸಣ್ಣ ಗೆರೆಗಳನ್ನೆಲ್ಲ ಹಿಡಿದಿಡುತ್ತದೆ. ಇಲ್ಲಿ ಅಂಥ ಒಂದು ಗೆರೆಯೂ ಇರಲಿಲ್ಲ. ಬೇಸಿಗೆಯ ಎರೆಹೊಲ ಬಾಯಿಬಿಟ್ಟ ಹಾಗೆ ಅಡ್ಡಾದಿಡ್ಡಿ ಬಿರುಕು ಮಾತ್ರ.

"ಸಾಹೇಬ್ರ, ಇದು ಮನಶ್ಯಾರ ಕೈಯೋ, ಎಮ್ಮಿ ಗೊರಸೋ?" ಎಂದ ಖಲಂದರ.

ಅಷ್ಟರಲ್ಲಿ ಗೌಡನ ಆಳು ಹುಚ್ಚಪ್ಪ ತಂಬಿಗೆಯಲ್ಲಿ ನೀರು ತಂದ. ಉಳಿವೆಪ್ಪ ತಂಬಿಗೆ ಬಿಟ್ಟು ಅವನ ಮಣಿಕಟ್ಟು ಹಿಡಿದ. ಅಂಗೈ ಬೆಳ್ಳಗೆ ಸುಲಿದಿತ್ತು. ಅದೇ ಬಿರುಕು.

"ಏನಿದು?"

"ಗೊಬ್ಬರರೀ. ಬರಿಗೈಲೆ ಚೆಲ್ತೇವಲ್ಲ, ಬೆವರು ಕೂಡಿದ್ರ ಸುಡತೈತಿ. ಮೂರು ವರ್ಷ ಆತು, ಮಾಯವಲ್ದು."

"ಗೊಬ್ಬರ ಚೆಲ್ಲೋರು ಎಷ್ಟು ಮಂದಿ?"

"ಮೂರು ಮಂದಿರಿ. ನಾನು, ಅಜ್ಜಪ್ಪ, ಅಂವನ ಹೇಣ್ತಿ ಹೊಳೆವ್ವ. ಅಜ್ಜಪ್ಪ ಹಾಸಿಗಿ ಹಿಡದಾನ."

ಉಳಿವೆಪ್ಪ ಮಣ್ಣಿನ ಗುರುತಿನ ಮೇಲೆ ಹುಚ್ಚಪ್ಪನ ಅಂಗೈ ಇಡಿಸಿ ನೋಡಿದ. ನಾಲ್ಕೂ ಕಡೆ ಬೆರಳಗಲ ಹೊರಗೆ ಬಂತು. ಗುರುತು ಹೆಂಗಸಿನದು.

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಅವರು ಪಂಚರೊಡನೆ ಹೊಳೆವ್ವನ ಮನೆಗೆ ಬಂದರು. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳಕ್ಕೆ ಉಳಿವೆಪ್ಪನ ಕಾಲು ತಾನಾಗಿ ನಿಂತಿತು. ಚಿಕ್ಕೇರೂರಿನಲ್ಲಿ ಅವ್ವ ತೀರಿಕೊಂಡ ಮೇಲೆ ಅವನು ಉಂಡದ್ದೆಲ್ಲ ಖಾನಾವಳಿ ಊಟ. ರೊಟ್ಟಿ ಸಿಗುತ್ತಿತ್ತು, ಸಪ್ಪಳ ಸಿಗುತ್ತಿರಲಿಲ್ಲ.

ಒಲೆಯ ಮುಂದೆ ಇದ್ದವಳು ನೆರೆಮನೆಯ ತಿಪ್ಪವ್ವ. ಹೊಳೆವ್ವ ಗೋಡೆಗೆ ಕುಳಿತು, ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಪೊಲೀಸರನ್ನು ಕಂಡು ತಿಪ್ಪವ್ವನ ಕೈ ನಿಂತಿತು. ಹೊಳೆವ್ವ ಗಾಬರಿಯಾಗಲಿಲ್ಲ.

"ಬರ್ರಿ. ಗಡಿಗಿ ಅಲ್ಲೈತಿ. ಈ ಕೈಲೆ ಎರಡು ದಿನಕ್ಕ ಒಂದೂವರಿ ಸೇರು ಬೀಸೇನಿ, ಉಳದದ್ದು ಹಂಗ ಐತಿ."

"ಯಾಕ ಕದ್ದಿ?"

"ಗೌಡ್ರನ್ನ ಕೇಳಿದ್ನಿರಿ ಮೊದಲ. ಕೂಲಿ ಜ್ವಾಳ ಕೊಟ್ಟೇನಲ್ಲ, ಇನ್ನೇನು ಅಂದ್ರು. ಆ ಜ್ವಾಳದ ರೊಟ್ಟಿ ಇಂವ ಉಣ್ಣವಲ್ಲ, ಉಂಡ್ರ ನಿಲ್ಲವಲ್ದು. ಎಂಟು ದಿನ ಆತು, ಬರೇ ನೀರು. ಕಣ್ಣು ಮುಚ್ಚಿದ್ರ ಆ ಹೊಲದ ಹೆಸರ ತಗೀತಾನ."

ಹಳೇ ಜೋಳ ಬೆಳೆದ ಗೌಡನ ಆ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು ಅಜ್ಜಪ್ಪನೇ. ಪ್ರತಿ ವರ್ಷ ಕುರಿ ಹಿಂಡು ನಿಲ್ಲಿಸಿ, ತಿಪ್ಪೆಗೊಬ್ಬರ ಹೊತ್ತು ಹಾಕಿ ಬೆಳೆಯುತ್ತಿದ್ದ. ಅರವತ್ತೊಂದರಲ್ಲಿ ಗೌಡ ಹೊಲ ಬಿಡಿಸಿಕೊಂಡು, ಸರಕಾರಿ ಗೊಬ್ಬರ ತರಿಸಿ, ಅದೇ ಹೊಲಕ್ಕೆ ಗಂಡ ಹೆಂಡಿರನ್ನು ಕೂಲಿಗೆ ಇಟ್ಟುಕೊಂಡ. ಸವಣೂರಿನ ಡಾಕ್ಟರು ಅಜ್ಜಪ್ಪನಿಗೆ ಕರುಳಿನ ಹುಣ್ಣು ಎಂದಿದ್ದರು. ಗೊಬ್ಬರದಿಂದ ಎಂದು ಅವರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

"ಕದ್ದ ಮ್ಯಾಲೆ ಮಣ್ಣು ಯಾಕ ಮೆತ್ತಿದಿ? ಅದರಾಗ ಸಿಕ್ಕಿಬಿದ್ದಿ ನೋಡು."

"ಉಳದ ಜ್ವಾಳ ಕೆಡಬಾರದಲ್ರಿ. ಇಂವನೇ ಬೆಳದು, ಇಂವನೇ ತುಂಬಿಸಿದ್ದು."

ಖಲಂದರ ಗಡಿಗೆಯ ಜೋಳ ಅಳೆದ. ಮೂರೂವರೆ ಸೇರು. ಪಕ್ಕದಲ್ಲಿ ಹಿಟ್ಟಿನ ಬುಟ್ಟಿ ಇತ್ತು. "ಇದೂ ಜಪ್ತಿ ಏನ್ರಿ, ಸಾಹೇಬ್ರ?"

"ಫಿರ್ಯಾದಿಯೊಳಗ ಜ್ವಾಳ ಅಂತ ಐತಿ. ಹಿಟ್ಟಿನ ಸುದ್ದಿ ಇಲ್ಲ," ಎಂದ ಉಳಿವೆಪ್ಪ. ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. "ತಿಪ್ಪವ್ವ, ರೊಟ್ಟಿ ಸೀದೀತು, ತಗೀರಿ. ಅಂವ ಉಣ್ಣಲಿ, ಆಮ್ಯಾಲೆ ಹೋಗೂಣು."

ತಿಪ್ಪವ್ವ ಬಿಸಿ ರೊಟ್ಟಿ ತಂದು ಅಜ್ಜಪ್ಪನ ಮುಖದ ಹತ್ತಿರ ಹಿಡಿದಳು. ಅವನು ಮೊದಲು ಮೂಸಿದ. ಕಣ್ಣಂಚು ಒದ್ದೆಯಾಯಿತು. ಒಂದು ತುಣುಕು ಮುರಿದು ಬಾಯಿಗಿಟ್ಟು ಬಹಳ ಹೊತ್ತು ಅಗಿದ. ತುತ್ತು ಇಳಿಯಿತು.

"ಹೌದು," ಎಂದ. "ಜ್ವಾಳ ಅದೇ ಐತಿ."

ಇನ್ನೊಂದು ತುಣುಕು ಅಗಿಯುತ್ತಾ ಹೆಂಡತಿಯ ಕಡೆ ಕಣ್ಣೆತ್ತಿದ. "ಕೈ ನಿಂದಲ್ಲಲಾ, ಹೊಳಿ?"

ಹೊಳೆವ್ವ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. ಬಿಸಿನೀರಿನ ಹಿಟ್ಟು ಮುಟ್ಟಿದರೆ ಬಿರುಕು ಬಾಯಿ ಬಿಟ್ಟು ರಕ್ತ ಜಿನುಗುತ್ತಿತ್ತು. ಎರಡು ವರ್ಷದಿಂದ ಅವಳು ರೊಟ್ಟಿ ಬಡಿದಿರಲಿಲ್ಲ. ಹಾಸಿಗೆಯ ಮೇಲಿನ ಗಂಡ ಅದನ್ನು ಮರೆತಿದ್ದನೋ, ಮರೆಯಲಾರದೆ ಕೇಳಿದನೋ.

"ನೀ ಬಂದು ಬಡಿ," ಎಂದ ಅಜ್ಜಪ್ಪ. "ತಿಪ್ಪವ್ವ, ಹಿಟ್ಟು ತಗದಿಡವಾ. ಇಕಿ ಬರೂಮಟ ತಗದಿಡು."

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಠಾಣೆಯಲ್ಲಿ ಹೊಳೆವ್ವನ ಬಂಧನ ದಾಖಲಾಯಿತು. ಕೃತ್ಯದ ಕಾರಣ ಎಂಬಲ್ಲಿ ಉಳಿವೆಪ್ಪ ಬರೆದ: ಗಂಡ ತಾನು ಬೆಳೆದ ಜೋಳದ ರೊಟ್ಟಿ ಬೇಡಿದ್ದರಿಂದ. ನಾಳೆ ಕೋರ್ಟಿನಲ್ಲಿ ಜಾಮೀನಿಗೆ ತಾನು ತಕರಾರು ಮಾಡುವುದಿಲ್ಲ ಎಂದು ಅವಳಿಗೆ ಹೇಳಿದ. ಅವಳು ತಲೆಯಾಡಿಸಿದಳು.

ಸಹಿ ಬರುತ್ತಿರಲಿಲ್ಲ. ಖಲಂದರ ಅವಳ ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿದ. ಕರಿ ಚುಕ್ಕೆ ಬಿತ್ತು. ಒರೆಸಿ ಮತ್ತೆ ಒತ್ತಿದ, ಎಡಗೈಯದನ್ನೂ ಒತ್ತಿದ. ಚುಕ್ಕೆಯೇ.

"ಸಾಹೇಬ್ರ, ಗೆರಿ ಬೀಳವಲ್ವು." ಈಗ ಅವನ ದನಿಯಲ್ಲಿ ನಗು ಇರಲಿಲ್ಲ.

ಹೊಳೆವ್ವ ತನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. "ತಿರುಗಿ ಬರ್ತಾವೇನ್ರಿ ಅವು? ಗೊಬ್ಬರ ಮುಟ್ಟೂದು ಬಿಟ್ರ?"

ಖಲಂದರ ಅರಿವೆಗೆ ಚಿಮಣಿ ಎಣ್ಣೆ ಹಚ್ಚಿ ಮೆಲ್ಲಗೆ ಅವಳ ಬೆರಳು ಒರೆಸಿದ. ಮೇಲಿನ ಮಸಿ ಹೋಯಿತು. ಬಿರುಕಿನೊಳಗಿನದು ಹಾಗೇ ಉಳಿಯಿತು.