ನಕುರು ಕೆರೆಯ ದುರ್ಬೀನು

ಏಳು ಕಡಲಿನಾಚೆ ಒಂದು ಕೆರೆ ಇತ್ತಂತೆ. ರಾಜಹಂಸಗಳು ಇಳಿದರೆ ನೀರೆಲ್ಲ ಗುಲಾಬಿಯಾಗುತ್ತಿತ್ತಂತೆ. ಕ್ಯಾತನಹಳ್ಳಿಯ ಸೋಮಮ್ಮ ಈ ಕಥೆ ಹೇಳಿ ಹೇಳಿಯೇ ಮೊಮ್ಮಗಳನ್ನು ಬೆಳೆಸಿದಳು. ಅಜ್ಜಿಯ ಕಣ್ಣಿಗೆ ಪೂರ್ತಿ ಕತ್ತಲೆ ಕವಿಯುವ ಮೊದಲು ಆ ಕೆರೆ ತೋರಿಸುತ್ತೇನೆಂದು ಮೊಮ್ಮಗಳು ರಂಜಿತ ಮಾತು ಕೊಟ್ಟಳು.

ಕೆರೆ ನಿಜಕ್ಕೂ ಇತ್ತು. ಕೀನ್ಯಾದ ನಕುರು ರಾಷ್ಟ್ರೀಯ ಉದ್ಯಾನದಲ್ಲಿ. ಕೆರೆಗೆ ಹೊರಡಬೇಕಾದ ಬೆಳಿಗ್ಗೆ ತಿಂಡಿ ಮುಗಿಸಿ ಲಾಡ್ಜಿನ ಕೋಣೆಗೆ ಬಂದರೆ, ಅಜ್ಜಿಗೆಂದೇ ರಂಜಿತ ತಂದಿದ್ದ ದುರ್ಬೀನು ಇಲ್ಲ! ಮೂರು ಕಾಲಿನ ಸ್ಟ್ಯಾಂಡು ಮಾತ್ರ ಬೋಳಾಗಿ ನಿಂತಿತ್ತು.

"ಅದಿಲ್ದೆ ನಂಗೇನ್ ಕಂಡದು ಮಗ?" ಅಜ್ಜಿ ಮಂಚದ ಮೇಲೆ ಕುಸಿದಳು.

ಸಂಜೆಗೆ ಊರಿನ ವಿಮಾನ. ಇವತ್ತು ಬಿಟ್ಟರೆ ಇಲ್ಲ.

*

"ಕೋತಿ ಕೆಲ್ಸ," ಎಂದ ದಿಲೀಪ್. ಪಾಂಡವಪುರದಿಂದ ಈ ಪ್ರವಾಸಕ್ಕೆ ಎಲ್ಲರನ್ನೂ ಕರೆತಂದವನು ಅವನೇ. "ಇಲ್ಲಾಂದ್ರೆ ಕೋಣೆ ಗುಡಿಸೋ ಕಿಮಾನಿ."

"ಕೋತಿ ಬಾಳೆಹಣ್ಣು ಬುಟ್ಟು ದುರ್ಬೀನು ಹೊತ್ಕೊಂಡೋಯ್ತಾ?" ಎಂದಳು ರಂಜಿತ. ಮೇಜಿನ ಮೇಲೆ ಹಣ್ಣು ಹಾಗೇ ಇತ್ತು.

ಜೊತೆಗೆ ಬಂದಿದ್ದ ನಾಗಮಂಗಲದ ಅಕ್ಕಸಾಲಿಗ ಮೌನೇಶ್ ಮುಖ ಗಂಟಿಕ್ಕಿದ. "ನನ್ನ ಯಾಕಮ್ಮ ನೋಡ್ತೀಯ?"

"ನೆನ್ನೆ ಮಾರ್ತೀಯಾ ಅಂತ ಕೇಳಿದ್ರಲ್ಲ, ಮೌನೇಶಣ್ಣ."

"ಕದಿಯೋನಾಗಿದ್ರೆ ಯಾಕ್ ಕೇಳ್ತಿದ್ದೆ?"

ರಂಜಿತ ಹೊಸ್ತಿಲ ಬಳಿ ಮಂಡಿಯೂರಿದಳು. ರಾತ್ರಿ ಮಳೆಯಾಗಿತ್ತು. ಹೊರಗೆ, ಗೋಡೆಯ ಪಕ್ಕ, ಕೆಸರಿನ ಎರಡು ಅಚ್ಚು. ದೊಡ್ಡವು, ಜೋಡಿಯಾಗಿ. ಒಳಗಿನ ನೆಲ ಚೊಕ್ಕಟ.

"ಕಿಮಾನಿ ಅಲ್ಲ. ಅವ್ನು ದಿನಾ ಬೂಟು ಹಾಕ್ಕೊಂಡೇ ಒಳಕ್ಕೆ ಬತ್ತಾನೆ. ಅಜ್ಜಿ ದಿನಾ ಬಯ್ತಾಳೆ."

"ಬಯ್ದದ್ದು ಅವ್ನಿಗೆ ಅರ್ಥ ಆದ್ರೆ ತಾನೆ!" ಎಂದಳು ಅಜ್ಜಿ.

"ಅಜ್ಜಿ ಇಲ್ಲಿ ಇಟ್ಟಿರೋ ಮನೆದೇವ್ರ ಪಟದ ಮುಂದೆ ಊದುಗಡ್ಡಿ ಉರೀತಿತ್ತು. ಕದಿಯಕ್ಕೆ ಬಂದೋನು ಅದ ನೋಡಿ ಹೊರಗೇ ಚಪ್ಪಲಿ ಬಿಟ್ಟವ್ನೆ. ಅಂದ್ರೆ ನಮ್ಮೂರ ಕಡೆಯೋನೇ," ಎಂದಳು ರಂಜಿತ.

ಮೌನೇಶನ ಬೂಟಿನ ಅಡಿ ಗೀರುಗೀರು. ಅಚ್ಚು ನುಣ್ಣಗಿತ್ತು, ಸವೆದ ಹವಾಯಿ ಚಪ್ಪಲಿಯದು.

"ಇದ್ರ ಮೇಲೆ ಕಾಲಿಡಿ, ದಿಲೀಪಣ್ಣ."

ದಿಲೀಪ್ ಹವಾಯಿ ಚಪ್ಪಲಿಯ ಕಾಲು ಹಿಂದಕ್ಕೆಳೆದುಕೊಂಡ.

*

ವ್ಯಾನಿನಲ್ಲಿ ಅವನ ಸೀಟಿನಡಿ, ಪ್ರವಾಸದ ಬ್ಯಾನರಿನಲ್ಲಿ ಸುತ್ತಿದ್ದ ದುರ್ಬೀನು ಸಿಕ್ಕಿತು.

"ಮಾರಕ್ಕಲ್ಲ ಕಣಮ್ಮ," ದಿಲೀಪನ ದನಿ ಇಳಿದಿತ್ತು. "ನೀರು ಏರಿ ಹಕ್ಕಿಗಳೆಲ್ಲ ಆಚೆ ದಡಕ್ಕೆ ಹೋಗ್ಬುಟ್ಟವೆ. ನೆನ್ನೆ ಡ್ರೈವರ್ ಹೇಳ್ದ. ಗುಲಾಬಿ ಕೆರೆ ತೋರಿಸ್ತೀನಿ ಅಂತ ಊರೆಲ್ಲ ಸಾರಿದ್ದೆ. ಈ ದಡದಲ್ಲೇ ನಿಲ್ಸಿ, ದೂರದಲ್ಲಿ ಕಾಣೋದೇ ಹಕ್ಕಿ ಅಂದ್ರೆ ನಂಬ್ತಿದ್ರಿ. ದುರ್ಬೀನಿದ್ರೆ ಬಣ್ಣ ಬಯಲಾಗ್ತಿತ್ತು."

"ಕುರ್ಡಿ ಅಂತ ಯಾಮಾರ್ಸಕ್ಕೆ ನೋಡ್ದೇನ್ಲಾ?" ಅಜ್ಜಿ ಗುಡುಗಿದಳು.

"ಆಚೆ ದಡಕ್ಕೆ ನಡೀರಿ," ಎಂದಳು ರಂಜಿತ.

"ದಾರಿ ಕೆಟ್ಟೋಗದೆ. ವಿಮಾನ ತಪ್ತದೆ."

"ತಪ್ಲಿ."

ಕೆಸರಿನಲ್ಲಿ ವ್ಯಾನು ಹೂತುಕೊಂಡಾಗ ಮೊದಲು ಇಳಿದು ತಳ್ಳಿದವನು ದಿಲೀಪನೇ.

*

ಆಚೆ ದಡದಲ್ಲಿ ರಂಜಿತ ಸ್ಟ್ಯಾಂಡನ್ನು ಅಜ್ಜಿಯ ಎತ್ತರಕ್ಕೆ ಇಳಿಸಿದಳು. ಅಜ್ಜಿ ಬಗ್ಗಿ ಕಣ್ಣಿಟ್ಟಳು.

"ಕಾಣ್ತಾ ಅಜ್ಜಿ?"

"ಸುಮ್ಕಿರು... ಅಯ್ಯೋ ಮಗ, ಇವೇನು ಕೊಕ್ಕು ತಲೆಕೆಳಗು ಮಾಡ್ಕೊಂಡು ತಿಂತಾವಲ್ಲ!"

ಅದು ಅವಳ ಕಥೆಯಲ್ಲಿರಲಿಲ್ಲ, ಅವಳಿಗೆ ಯಾರೂ ಹೇಳಿಕೊಟ್ಟಿರಲೂ ಇಲ್ಲ; ಕಣ್ಣಾರೆ ಕಂಡದ್ದೇ.