ಒದ್ದೆ ಬಟ್ಟೆಯ ಕೆಳಗಿನ ಉಂಡೆಗಳು

ಗುಂಡಮ್ಮನ ಹೆಣದ ಪಕ್ಕದಲ್ಲಿ ಜೋಳದ ಹಿಟ್ಟಿನ ಆರು ಉಂಡೆಗಳು ಸಾಲಾಗಿ ಕೂತಿದ್ದವು. ಅವುಗಳ ಮೇಲೆ ಹೊದಿಸಿದ ಒದ್ದೆ ಬಟ್ಟೆ ಅರ್ಧ ಸರಿದಿತ್ತು.

ಸೊಸೆ ಸರಿತಾಳ ಚೀರಾಟ ಕೇಳಿ ಎದುರುಮನೆಯಿಂದ ಓಡಿಬಂದ ಸಂಘಮಿತ್ರಾ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮುದುಕಿ ಬೋರಲಾಗಿ ಬಿದ್ದಿದ್ದಳು. ತಲೆಯ ಹಿಂಬದಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಬಳಿ ಲಟ್ಟಣಿಗೆ. ಒಲೆಯ ಮೇಲೆ ತಣ್ಣಗಿನ ಹಂಚು. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ತುಂಬ ಹಿಟ್ಟು.

"ಅಕ್ಕಾ, ನಾ ಹೊಲಿಗಿ ಕೇಂದ್ರದಿಂದ ಈಗ ಬಂದೀನ್ರಿ. ಅತ್ತಿ ಮಾತಾಡವಲ್ರು. ಎಬ್ಬಿಸ್ರಿ ಅಕ್ಕಾ!"

ಸಂಘಮಿತ್ರಾ ಒಳಗೆ ಕಾಲಿಡಲಿಲ್ಲ. ಸಾವು ಕಂಡದ್ದಕ್ಕಷ್ಟೇ ಅಲ್ಲ. ಈ ಕೋಣೆಯನ್ನು ಅವಳು ಮೊದಲೇ ನೋಡಿದ್ದಳು. ಇದೇ ಲಟ್ಟಣಿಗೆ, ಇದೇ ಬಟ್ಟೆ, ಇದೇ ಉಂಡೆಗಳ ಸಾಲು.

ಎಲ್ಲಿ ಎಂಬುದು ಆಮೇಲೆ ನೆನಪಾಯಿತು. ಅದು ಒಂದು ಕಾದಂಬರಿಯಲ್ಲಿ. ಸರಿತಾಳಿಗೆ ಅದನ್ನು ಓದಲು ಕೊಟ್ಟವಳು ಅವಳೇ.

* * *

ಸಂಘಮಿತ್ರಾ ಸೇಡಂನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಟೀಚರ್. ಹೊಸ ಪತ್ತೇದಾರಿ ಕಾದಂಬರಿ ಬಂತೆಂದರೆ ತರಿಸಿ ಓದುವಳು. ಓದಿ ಮುಗಿಸಿದ ಕೂಡಲೇ ಗೆಳತಿಯರ ವಾಟ್ಸಾಪ್ ಗುಂಪಿಗೆ ತನ್ನ ಅಭಿಪ್ರಾಯವನ್ನು ಮಾತಿನಲ್ಲೇ ಕಳಿಸುವಳು. ಮುಲಾಜಿಲ್ಲ. 'ಈಗಿನ ಕಾದಂಬರಿಗಳಲ್ಲಿ ಹೆಣ ಬೀಳೋದು ಹೆಂಗಸಿನದೇ, ಹುಚ್ಚು ಹಿಡಿಯೋದೂ ಹೆಂಗಸಿಗೇ. ಪುಟಕ್ಕೊಂದು ತಿರುವು ಇದೆ, ಆದರೆ ಸತ್ತವಳಿಗಾಗಿ ಅಳುವವರು ಒಬ್ಬರೂ ಇಲ್ಲ' ಎಂದು ಈಚೆಗಷ್ಟೇ ಹೇಳಿದ್ದಳು. ಹೊಗಳಿದ್ದು ಕಡಿಮೆ, ಓದುವುದು ಮಾತ್ರ ಬಿಟ್ಟಿರಲಿಲ್ಲ.

ಸರಿತಾಳಿಗೆ ಆ ರುಚಿ ಹತ್ತಿಸಿ, ಆ ಗುಂಪಿಗೆ ಸೇರಿಸಿದ್ದೂ ಅವಳೇ. ಮಧ್ಯಾಹ್ನ ಭಾಂಡೆ ತೊಳೆದಿಟ್ಟು ಪುಸ್ತಕ ಹಿಡಿದ ಮೇಲೆ ಸ್ವಲ್ಪ ಹೊತ್ತು ಸರಿತಾ ಯಾರ ಸೊಸೆಯೂ ಆಗಿರುತ್ತಿರಲಿಲ್ಲ, ಯಾರ ಹೆಂಡತಿಯೂ ಆಗಿರುತ್ತಿರಲಿಲ್ಲ. ಗಂಡ ಅರುಣಕುಮಾರ ಮಾತ್ರ ಅವಳನ್ನು 'ಖೂನಿ ರಾಣಿ' ಎಂದು ಓಣಿಗೆಲ್ಲ ಕೇಳುವಂತೆ ಕರೆಯುತ್ತಿದ್ದ.

ಈಗ ಅದೇ ಪುಸ್ತಕ ಠಾಣೆಯ ಮೇಜಿನ ಮೇಲಿತ್ತು. ಒಂದು ಪುಟದ ಮೂಲೆ ಮಡಚಿತ್ತು.

"ಟೀಚರ್, ಇದರ ಮ್ಯಾಲ ನಿಮ್ಮ ಹೆಸರದ. ಸರಿತಾನ ದಿಂಬಿನ ಬಾಜೂಕ ಸಿಕ್ತು," ಎಂದಳು ಪಿಎಸ್‌ಐ ಗುಲ್ಶನ್.

"ನಾನೇ ಕೊಟ್ಟಿದ್ದು."

"ಮಡಚಿದ ಪುಟದಾಗ ಏನದ ಗೊತ್ತದಲ್ಲ? ಅತ್ತಿ ರೊಟ್ಟಿ ಮಾಡುವಾಗ ಹಿಂದಿನಿಂದ ಹೊಡಿತಾರ. ಕಾಲು ಜಾರಿ ಬಿದ್ದಂಗ ತೋರಿಸ್ತಾರ. ಹೊಡೆದಾಕಿ ಯಾರು? ಸೊಸಿ. ಇಲ್ಲೂ ಗಾಯ ಹಿಂದದ, ಹೆಣ ಬೋರಲದ. ಜಾರಿ ಬಿದ್ದದ್ದಲ್ಲ ಇದು."

"ಸರಿತಾ ಮಾಡಿಲ್ರಿ."

"ನಿನ್ನಿ ಅತ್ತಿ-ಸೊಸಿ ಜಗಳ ಆಗಿದ್ದು ಓಣಿ ಮಂದಿ ಕೇಳ್ಯಾರ. ಇದೇ ಪುಸ್ತಕದ ಸಲುವಾಗಿ."

ಒಳಗಿನ ಬೆಂಚಿನ ಮೇಲೆ ಸರಿತಾ ಕೂತಿದ್ದಳು. ಸಂಘಮಿತ್ರಾಳನ್ನು ಕಂಡರೂ ಅವಳ ಕಣ್ಣು ಗುರುತು ಹಿಡಿಯಲಿಲ್ಲ. ಸಂಜೆಯೊಳಗೆ ಬಂಧನವಾಗುತ್ತದೆ ಎಂದು ಪೇದೆಯೊಬ್ಬ ಪಿಸುಗುಟ್ಟಿದ. ಒಂದು ಪುಸ್ತಕ ಕೊಟ್ಟದ್ದಕ್ಕೆ ಈ ಹೆಣ್ಣಿನ ಬದುಕೇ ಹೋಗುತ್ತದೆಯೇ? ಸಂಘಮಿತ್ರಾ ಮೇಜಿನ ಅಂಚು ಹಿಡಿದುಕೊಂಡಳು.

ಗುಲ್ಶನ್ ಆ ಪುಟವನ್ನು ಗಟ್ಟಿಯಾಗಿ ಓದತೊಡಗಿದಳು. "'ಅತ್ತೆ ಜೋಳದ ಹಿಟ್ಟನ್ನು ಒಮ್ಮೆಲೇ ನಾದಿ, ಆರು ಉಂಡೆ ಮಾಡಿ, ಒದ್ದೆ ಬಟ್ಟೆ ಹೊದಿಸಿ, ಲಟ್ಟಣಿಗೆ ಕೈಗೆತ್ತಿಕೊಂಡಳು...'"

"ನಿಲ್ಲಸ್ರಿ!"

ಗುಲ್ಶನ್ ತಲೆಯೆತ್ತಿದಳು.

"ಮೇಡಂ, ನಿಮ್ಮ ಮನ್ಯಾಗ ರೊಟ್ಟಿ ಯಾರು ಬಡಿತಾರ್ರಿ?"

"ಅಮ್ಮಿ. ಯಾಕ?"

"ಅಮ್ಮಿ ಉಂಡಿ ಕಟ್ಟಿ ಸಾಲಾಗಿ ಇಡ್ತಾರೇನ್ರಿ?"

ಗುಲ್ಶನ್ ಪುಟದ ಮೇಲೆ ಮತ್ತೊಮ್ಮೆ ಕಣ್ಣಾಡಿಸಿದಳು. ನಿಧಾನವಾಗಿ ಪುಸ್ತಕ ಮುಚ್ಚಿದಳು.

"ಯಾ ಅಲ್ಲಾ," ಎಂದಳು. "ನಾ ನೋಡಿದೆ. ನೋಡಿದ್ರೂ ಹೊಳಿಲಿಲ್ಲ."

"ಪುಸ್ತಕದ ಪ್ರಕಾರ ಎಲ್ಲಾ ಸರಿ ಇತ್ತು. ಅದಕ್ಕ ಹೊಳಿಲಿಲ್ಲ. ಬರೆದಾಂವ ಚಪಾತಿ ಮಾಡೋದು ಕಂಡಾನ, ರೊಟ್ಟಿ ಬಡಿಯೋದು ಕಂಡಿಲ್ಲ. ಜ್ವಾಳದ ಹಿಟ್ಟಿಗಿ ಜಿಗುಟು ಎಲ್ಲದರಿ? ಬಿಸಿ ನೀರು ಹಾಕಿ, ಒಂದೊಂದೇ ರೊಟ್ಟಿಗಿ ಆಗಿಂದಾಗ ನಾದಿ, ಪರಾತದಾಗ ಕೈಲೆ ಬಡಿಬೇಕು. ಉಂಡಿ ಮಾಡಿಟ್ರ ಒಣಗಿ ಸೀಳು ಬಿಡ್ತದ. ಅಲ್ಲಿ ಉಂಡಿ ಸೀಳಿದ್ವು, ನೀರು ಕಾಸಿದ ಪಾತ್ರಿನೂ ಇರಲಿಲ್ಲ. ಅತ್ತಿ ಆಗ್ಲಿ ಸೊಸಿ ಆಗ್ಲಿ, ದಿನಾ ರೊಟ್ಟಿ ಬಡಿಯೋ ಕೈ ಅಂಥಾ ಉಂಡಿ ಕಟ್ಟಂಗಿಲ್ಲ."

"ಪುಸ್ತಕ ನೋಡಿ ಬೇಕಂತ ಕಟ್ಟಿರಬಹುದಲ್ಲ?"

ಸಂಘಮಿತ್ರಾ ಮೊಬೈಲ್ ತೆಗೆದು ಹಿಂದಿನ ವಾರದ ಸಂದೇಶ ಒತ್ತಿದಳು. ಅವಳದೇ ದನಿ: 'ಈ ಕಾದಂಬರಿ ಮೂವತ್ತನೇ ಪುಟಕ್ಕೇ ಸತ್ತಿತು ಗೆಳತಿಯರೇ. ಜೋಳದ ರೊಟ್ಟಿಗೆ ಉಂಡೆ ಕಟ್ಟಿಸಿದ್ದಾನೆ ಮಹಾರಾಯ!' ಅದರ ಬೆನ್ನಿಗೇ ಸರಿತಾಳ ನಗು: 'ಅಕ್ಕಾ, ನಾನೂ ಅದ ಪುಟ ಮಡಚಿಟ್ಟೀನ್ರಿ, ನಿಮಗ ತೋರಸ್ಲಿಕ್ಕ. ನಮ್ಮತ್ತಿ ಕೇಳಿದ್ರ ಲಟ್ಟಣಗಿ ತಗೊಂಡು ಬರೆದಾಂವನ್ನೇ ಲಟ್ಟಿಸ್ತಾರ!'

ಠಾಣೆಯಲ್ಲಿ ಆ ನಗು ಬಹಳ ಹೊತ್ತು ಉಳಿದ ಹಾಗಾಯಿತು. ಬೆಂಚಿನ ಮೇಲೆ ಸರಿತಾ ಮೊದಲ ಸಲ ಬಿಕ್ಕಿದಳು.

"ತಪ್ಪು ಅಂತ ಗೊತ್ತಿದ್ದಾಕಿ ಅದನ್ನ ನಕಲು ಮಾಡಂಗಿಲ್ಲ," ಎಂದಳು ಗುಲ್ಶನ್. "ಅಂದ್ರ ಪುಸ್ತಕ ಓದಿದವರು. ನಿಮ್ಮ ಮಾತು ಕೇಳದವರು. ಆ ಮನಿಯೊಳಗಿನವರು."

ಸಂಘಮಿತ್ರಾಳಿಗೆ ಕಳೆದ ಭಾನುವಾರ ತನ್ನ ಗೇಟಿನ ಬಳಿ ನಿಂತ ಬೈಕು ನೆನಪಾಯಿತು.

* * *

ಗುಂಡಮ್ಮನ ಮನೆಯ ಅಂಗಳದಲ್ಲಿ ಹೆಂಗಸರು ಅಳುತ್ತಿದ್ದರು. ಸಂಘಮಿತ್ರಾ ಮತ್ತು ಗುಲ್ಶನ್ ಒಳಬಂದಾಗ ಅರುಣಕುಮಾರ ಕಂಬಕ್ಕೆ ಒರಗಿ ಕೂತಿದ್ದ. ಕಣ್ಣುಗಳು ಕೆಂಪಾಗಿದ್ದವು. ಶಹಾಬಾದಿನ ಕಲ್ಲು ಪಾಲಿಷ್ ಘಟಕವೊಂದರಲ್ಲಿ ಅವನು ಮೇಸ್ತ್ರಿ. ಬೆಳಿಗ್ಗೆಯಿಂದ ಅಲ್ಲೇ ಇದ್ದೆನೆಂದು ಹೇಳಿಕೆ ಕೊಟ್ಟಿದ್ದ.

"ಬರ್ರಿ ಟೀಚರ್, ಕುಂದ್ರಿ. ನೋಡಿದ್ರಲ್ಲ ನಿಮ್ಮ ಶಿಷ್ಯಾಳ ಕೆಲಸ? ಪುಸ್ತಕ ಕೊಡಬ್ಯಾಡ್ರಿ ಅಂತ ನಾ ಬಡ್ಕೊಂಡೆ."

"ನೀ ಓದಿದ್ದೇನಪ್ಪ ಅದನ್ನ?"

"ಥೂ! ನಾ ಮುಟ್ಟೇ ಇಲ್ರಿ ಅಂಥಾವು."

"ಇರ್ಲಿ. ಅವ್ವ ರೊಟ್ಟಿಗಿ ಹಿಟ್ಟು ಹ್ಯಾಂಗ ಮಾಡ್ಕೋತಿದ್ಳು?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಹ್ಯಾಂಗ ಅಂದ್ರ? ಎಲ್ಲಾರಂಗ. ಒಮ್ಮಿಗೇ ನಾದೋದು, ಉಂಡಿ ಕಟ್ಟೋದು, ಬಟ್ಟಿ ಮುಚ್ಚೋದು, ಲಟ್ಟಿಸೋದು."

ಅಳು ನಿಂತಿತು. ಅಂಗಳದ ಹೆಂಗಸರೆಲ್ಲ ಒಟ್ಟಿಗೇ ಅವನತ್ತ ತಿರುಗಿದರು. ಒಬ್ಬ ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಯಾಕೆ ಎಲ್ಲರೂ ನೋಡುತ್ತಿದ್ದಾರೆಂದು ಅವನಿಗೆ ತಿಳಿಯಲೇ ಇಲ್ಲ.

"ಐತವಾರ ನಮ್ಮ ಗೇಟಿನ ಮುಂದ ಬೈಕ್ ನಿಲ್ಲಿಸಿ ಏನಂದಿದ್ದಿ ಅರುಣ? 'ಎಲ್ಲಾದಕ್ಕೂ ಹೆಸರಿಡ್ತೀರಿ ಟೀಚರ್, ಆ ಅಡಿಗಿಮನಿ ಸೀನ್ ಭಾಳ ಮಸ್ತ್ ಅದ, ಕಣ್ಣಿಗಿ ಕಟ್ಟಿದಂಗದ' ಅಂದಿ. ಅದು ಯಾಕ ತಪ್ಪದ ಅಂತ ನಾ ಹೇಳ್ಲಿಕ್ಕ ಬಾಯಿ ತೆಗದೆ. ನೀ ಕಿಕ್ ಹೊಡದು ಹೋದಿ."

ಅವನು ಕಂಬ ಬಿಟ್ಟು ಎದ್ದು ನಿಂತ.

"ಶಹಾಬಾದಿಗಿ ಫೋನ್ ಮಾಡಿದ್ದೆ," ಎಂದು ಗುಲ್ಶನ್ ಮುಂದೆ ಬಂದಳು. "ಇವತ್ತು ನೀ ಬಂದೇ ಇಲ್ಲಂತ. ಕೈ ತೋರ್ಸು."

ಸ್ಟೀಲಿನ ವಾಚಿನ ಚೈನಿನ ಸಂದುಗಳಲ್ಲಿ ಬೂದುಬಿಳಿ ಹಿಟ್ಟು ಒಣಗಿ ಕೂತಿತ್ತು. ರೊಟ್ಟಿ ಬಡಿಯುವ ಹೆಂಗಸು ಮೊದಲು ಬಳೆ ಹಿಂದಕ್ಕೆ ಸರಿಸುತ್ತಾಳೆ. ಇವನಿಗೆ ವಾಚು ಬಿಚ್ಚುವುದೂ ಗೊತ್ತಿರಲಿಲ್ಲ.

ಆಮೇಲೆ ಅವನು ಎಲ್ಲವನ್ನೂ ಹೇಳಿದ. ತೆಂಗಳಿ ಎಂಬ ಊರಿನ ಹೊಲ ಗುಂಡಮ್ಮನ ತವರಿನದು. ಅದನ್ನು ಕಲ್ಲಿನ ಖಣಿಗೆ ಕೊಡಬೇಕೆಂದು ಅವನ ಹಟ. ನಾನು ಸತ್ತ ಮೇಲೂ ಅಲ್ಲಿ ತೊಗರಿಯೇ ಬೆಳೆಯಬೇಕೆಂದು ಅವಳ ಹಟ. ಸರಿತಾ ಹೊಲಿಗೆ ಕೇಂದ್ರಕ್ಕೆ ಹೋದ ಮೇಲೆ ಅವನು ಮರಳಿ ಬಂದಿದ್ದ. ಮಾತಿಗೆ ಮಾತು ಬೆಳೆಯಿತು. ನೂಕಿದ. ಕಲ್ಲಿನ ಹೊಸ್ತಿಲಿಗೆ ಅವಳ ತಲೆ ಬಡಿಯಿತು. ಅಲ್ಲಿಂದ ಒಳಗೆಳೆದು ಬೋರಲು ಮಲಗಿಸಿದ, ಹೊಸ್ತಿಲು ತೊಳೆದ. ಹೆಂಡತಿಯ ದಿಂಬಿನ ಪಕ್ಕದ ಪುಸ್ತಕ ನೆನಪಾಯಿತು. ಮಡಚಿದ ಪುಟ ಕಂಡಾಗ, ಎಲ್ಲವೂ ತನಗಾಗಿಯೇ ಸಿದ್ಧವಾಗಿದೆ ಅನ್ನಿಸಿತು.

* * *

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಸಂಘಮಿತ್ರಾ ತನ್ನ ಮನೆಯಿಂದ ರೊಟ್ಟಿ, ಪುಂಡಿಪಲ್ಯ ತಂದಳು. ಠಾಣೆಯಿಂದ ಮರಳಿದ ಸರಿತಾ ಒಂದು ತುಂಡು ಮುರಿದಳು. ಬಾಯಿಗಿಡಲಿಲ್ಲ. ಕೈಯಲ್ಲೇ ಹಿಡಿದು ಕೂತಳು.

"ಅಕ್ಕಾ, ನಮ್ಮ ಮನ್ಯಾವರು ನನ್ನ ಕೈಯಾಗಿನ ರೊಟ್ಟಿ ಒಂದಿನನೂ ತಿಂದಿಲ್ರಿ," ಎಂದಳು. "ತಮ್ಮವ್ವ ಮಾಡಿದ್ದೇ ಬೇಕಂತಿದ್ರು. ಅವ್ವ ಬಡಿಯುವಾಗ ಎದುರಿಗೇ ಕುಂತು, ಬಿಸಿ ಬಿಸಿ ತಿಂತಿದ್ರು. ಸಣ್ಣಾಂವ ಇದ್ದಾಗಿಂದ."